ಶ್ರೀಸ್ಥಾನಕದ ತಾಮ್ರಪಟಗಳು ಮತ್ತು ಭೂಮಿಯ ಹಸ್ತಾಂತರ

1

1787ರಲ್ಲಿ ಠಾಣೆಯಲ್ಲಿ ಕಟ್ಟಡವೊಂದರ ತಳಪಾಯಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ ಅಕ್ಷರಗಳಿದ್ದ ತಾಮ್ರದ ಹಲಗೆಗಳು ದೊರೆತವು. ಜನರಲ್ ಕಾರ್ನಾಕ್ ಅವರು ಅವುಗಳನ್ನು ಕಲ್ಕತ್ತೆಯ ವಿದ್ವಾಂಸರ ಗಮನಕ್ಕೆ ತಂದರು. ರಾಮಲೋಚನ ಪಂಡಿತರ ನೆರವಿನಿಂದ ಸಿದ್ಧವಾದ ಅನುವಾದವು 'ಏಷಿಯಾಟಿಕ್ ರಿಸರ್ಚಸ್' ಗ್ರಂಥಮಾಲೆಯ ಮೊದಲನೆಯ ಸಂಪುಟದಲ್ಲಿ ಅಚ್ಚಾಯಿತು. ಭಾರತದಲ್ಲಿ ಶಾಸನಗಳ ಆಧುನಿಕ ಅಧ್ಯಯನ ಆರಂಭವಾದ ದಿನಗಳಲ್ಲೇ ಬೆಳಕಿಗೆ ಬಂದ ಈ ಪಟಗಳು ಶಿಲಾಹಾರ ದೊರೆ ಅರಿಕೇಸರಿಯವು. ಅವುಗಳ ಕಾಲ ಶಕ 939, ಎಂದರೆ ಕ್ರಿ.ಶ. 1017. ಹೊಸ ಕಟ್ಟಡಕ್ಕಾಗಿ ನೆಲ ತೋಡಿದವರಿಗೆ ಹಳೆಯ ಭೂಮಿಯ ಪತ್ರವೇ ಎದುರಾಯಿತೆಂಬುದು ಗಮನಿಸತಕ್ಕ ಸಂಗತಿ. ಏಕೆಂದರೆ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಇಂದು ಮನೆ ಕೊಳ್ಳುವ ಪ್ರತಿಯೊಬ್ಬನೂ ಎದುರಿಸಬೇಕಾದ ಪ್ರಶ್ನೆಯೂ ಅದೇ ಆಗಿದೆ: ಈ ನೆಲದ ಕೆಳಗೆ ಯಾರ ಪತ್ರವಿದೆ?

ಶಿಲಾಹಾರರ ದಾನಪತ್ರಗಳನ್ನು ನಮ್ಮ ವಿದ್ವಾಂಸರು ಬಹುಮಟ್ಟಿಗೆ ರಾಜವಂಶಗಳ ಕಾಲನಿರ್ಣಯಕ್ಕಾಗಿ ಬಳಸಿದ್ದಾರೆ. ವಾ. ವಿ. ಮಿರಾಶಿಯವರು 1977ರಲ್ಲಿ ಈ ವಂಶದ ಶಾಸನಗಳನ್ನೆಲ್ಲ ಒಂದೆಡೆ ಸಂಪಾದಿಸಿಕೊಟ್ಟ ಮೇಲೆ ಆ ಕಾರ್ಯವು ಸುಗಮವಾಯಿತು. ಆದರೆ ಈ ಪಟಗಳು ಮೊದಲಿಗೆ ಭೂಮಿಯ ಪತ್ರಗಳು. ವಂಶಾವಳಿಯು ಅವುಗಳ ಪೀಠಿಕೆ ಮಾತ್ರ. ಅವುಗಳನ್ನು ಹಸ್ತಾಂತರದ ದಾಖಲೆಗಳೆಂದು ಓದಿ, ಅದೇ ಪ್ರದೇಶದ ಇಂದಿನ ವ್ಯವಹಾರಕ್ಕೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಈ ನಗರಗಳಲ್ಲಿ ಕನ್ನಡಿಗರ ಸಾವಿರಾರು ಮನೆಗಳಿರುವುದರಿಂದ ಇದು ಕೇವಲ ಪುರಾತತ್ತ್ವದ ವಿಷಯವಲ್ಲವೆಂದು ನಾವು ಭಾವಿಸಿದ್ದೇವೆ.

2

ಅರಿಕೇಸರಿಯ ಪಟಗಳ ರಚನೆಯನ್ನು ಮೊದಲು ನೋಡೋಣ. ಕಾರ್ತಿಕ ಶುದ್ಧ ಪೂರ್ಣಿಮೆಯ ಚಂದ್ರಗ್ರಹಣದಂದು ದೊರೆಯು ಸಮುದ್ರಸ್ನಾನ ಮಾಡಿ, ಶ್ರೀಸ್ಥಾನಕ ಎಂದರೆ ಠಾಣೆಯಲ್ಲಿ ನೆಲೆಸಿದ್ದ, ಜ್ಯೋತಿಷಿಯೊಬ್ಬನ ಮಗನಾದ ತಿಕ್ಕಪೈಯನಿಗೆ ಹಳ್ಳಿಗಳನ್ನು ಕೊಟ್ಟನು. ಪತ್ರವು ಅಮಾತ್ಯರನ್ನೂ ಅಧಿಕಾರಿಗಳನ್ನೂ ನಗರದ ನಿವಾಸಿಗಳನ್ನೂ ಸಂಬೋಧಿಸಿ ಈ ದಾನವನ್ನು ತಿಳಿಯಪಡಿಸುತ್ತದೆ. ಅನಂತರ ಕೊಟ್ಟ ಹಳ್ಳಿಗಳ ಎಲ್ಲೆಗಳನ್ನು ದಿಕ್ಕು ದಿಕ್ಕಾಗಿ ಹೇಳುತ್ತದೆ: ಬೆಟ್ಟದಿಂದ ಇಳಿಯುವ ನೀರು, ಹೊಳೆ, ನೆರೆಯ ಗ್ರಾಮಗಳ ಹೆಸರುಗಳು. ಮುಂದೆ ಬರುವ ಅರಸರು ಈ ದಾನವನ್ನು ಪಾಲಿಸಬೇಕೆಂಬ ಪ್ರಾರ್ಥನೆ, ಅಪಹರಿಸಿದವರಿಗೆ ಶಾಪ. ಕೊನೆಯಲ್ಲಿ, ಮೇಲೆ ಬರೆದುದು ತನಗೆ ಸಮ್ಮತವೆಂದು ದೊರೆಯು ತನ್ನ ಹೆಸರನ್ನೂ ತಂದೆಯಾದ ವಜ್ಜಡನ ಹೆಸರನ್ನೂ ಹೇಳಿ ಸ್ವಹಸ್ತದಿಂದ ಒಪ್ಪಿಕೊಳ್ಳುತ್ತಾನೆ. ಪತ್ರ ಬರೆದವನು ಯಾರು, ತಾಮ್ರದಲ್ಲಿ ಕೆತ್ತಿದವನು ಯಾರು ಎಂಬುದೂ ದಾಖಲಾಗಿದೆ.

ಒಂಬತ್ತು ವರ್ಷಗಳ ಅನಂತರದ, ಶಕ 948ರ (ಕ್ರಿ.ಶ. 1026) ಛಿತ್ತರಾಜನ ಭಾಂಡುಪ ತಾಮ್ರಪಟಗಳಲ್ಲಿಯೂ ಇದೇ ಕ್ರಮವಿದೆ. ಅಲ್ಲಿ ಕೊಟ್ಟದ್ದು ಇಡೀ ಹಳ್ಳಿಯಲ್ಲ. ಷಟ್‌ಷಷ್ಠಿ ಎಂದರೆ ಇಂದಿನ ಸಾಷ್ಟಿ ದ್ವೀಪದ ನೌರ ಗ್ರಾಮದ ಒಂದು ಹೊಲ. ಹೊಲ ಚಿಕ್ಕದಾದರೂ ಎಲ್ಲೆಗಳ ವಿವರಣೆ ಚಿಕ್ಕದಾಗಿಲ್ಲ. ಅದರ ಒಂದು ಮಗ್ಗುಲಿಗೆ ರಾಜಮಾರ್ಗವಿತ್ತೆಂಬುದನ್ನು ಕೂಡ ಪತ್ರವು ಬಿಡದೆ ಹೇಳುತ್ತದೆ. ಇಂದಿನ ಖರೀದಿ ಪತ್ರದ ಕೊನೆಯಲ್ಲಿ ಬರುವ ಚಕ್ಕುಬಂದಿಯ ಪರಿಶಿಷ್ಟವನ್ನು ಬಲ್ಲವರಿಗೆ ಈ ಭಾಗವು ಹೊಸದೆನಿಸದು.

ಈ ಪತ್ರಗಳ ಭಾಷೆ ಸಂಸ್ಕೃತವಾದರೂ ಅವುಗಳ ಮೇಲೆ ಕನ್ನಡದ ನೆರಳು ದಟ್ಟವಾಗಿದೆ. ಉತ್ತರ ಕೊಂಕಣದ ಶಿಲಾಹಾರರು ರಾಷ್ಟ್ರಕೂಟರ ಮಾಂಡಲಿಕರಾಗಿ ತಲೆಯೆತ್ತಿದವರು. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ 'ಕವಿರಾಜಮಾರ್ಗ'ದೊಡನೆ ಹೆಸರು ಕೂಡಿಕೊಂಡಿರುವ ಅಮೋಘವರ್ಷನ ಆಳ್ವಿಕೆಯನ್ನು ಉಲ್ಲೇಖಿಸುವ 9ನೆಯ ಶತಮಾನದ ಶಿಲಾಹಾರ ಲೇಖಗಳು ಸಾಷ್ಟಿಯ ಕಾನ್ಹೇರಿ ಗುಹೆಗಳಲ್ಲಿವೆ. ತಗರಪುರದ ಒಡೆತನವನ್ನು ಹೇಳಿಕೊಳ್ಳುವ ಈ ದೊರೆಗಳ ಬಿರುದುಗಳಲ್ಲಿ 'ಮಲಗಲಗಂಡ', 'ನನ್ನಿಸಮುದ್ರ' ಮುಂತಾದ ಕನ್ನಡ ಮಾತುಗಳು ಸೇರಿವೆ. ನನ್ನಿಯೆಂದರೆ ಸತ್ಯ, ಭೂಮಿಯ ಪತ್ರದಲ್ಲಿ ಇರತಕ್ಕ ಬಿರುದೇ ಸರಿ. ದಾನ ಪಡೆದ ತಿಕ್ಕಪೈಯ, ಪತ್ರ ಬರೆದ ಜೋಗಪೈಯ, ಅವನ ಬಂಧುವೂ ಮಹಾಕವಿಯೆನಿಸಿದವನೂ ಆದ ನಾಗಲೈಯ: ಇಂಥ 'ಅಯ್ಯ'ಯುಕ್ತ ಹೆಸರುಗಳು ಪತ್ರದುದ್ದಕ್ಕೂ ಬರುತ್ತವೆ. ಹೆಸರಿನ ಅಂತ್ಯವೊಂದರಿಂದಲೇ ವ್ಯಕ್ತಿಯ ಮನೆಮಾತನ್ನು ನಿರ್ಣಯಿಸುವುದು ಉಚಿತವಲ್ಲ. ಆದರೂ ಸಾವಿರ ವರ್ಷಗಳ ಹಿಂದೆ ಠಾಣೆಯ ಭೂಮಿಯ ಪತ್ರಗಳನ್ನು ಬರೆಯುತ್ತಿದ್ದ ವರ್ಗವು ಕನ್ನಡ ಸಂಸ್ಕೃತಿಯ ಸಂಪರ್ಕದಲ್ಲಿ ಬೆಳೆದುದೆಂದು ಹೇಳಲು ಅಡ್ಡಿಯಿಲ್ಲ.

3

ಪತ್ರವು ಹೀಗೆಯೇ ಇರಬೇಕೆಂದು ವಿಧಿಸಿದವರು ಯಾರು? ಇದಕ್ಕೆ ಉತ್ತರ ಯಾಜ್ಞವಲ್ಕ್ಯಸ್ಮೃತಿಯಲ್ಲಿದೆ. ಭೂಮಿಯನ್ನು ಕೊಟ್ಟ ಅರಸನು ಮುಂಬರುವ ಅರಸರ ತಿಳಿವಿಗಾಗಿ ಬಟ್ಟೆಯ ಮೇಲಾಗಲಿ ತಾಮ್ರಪಟದಲ್ಲಾಗಲಿ ತನ್ನ ವಂಶ, ಕೊಟ್ಟ ಭೂಮಿಯ ಪರಿಮಾಣ, ಎಲ್ಲೆ, ಕಾಲ, ಸ್ವಹಸ್ತ, ಮುದ್ರೆಗಳೊಡನೆ ಶಾಸನವನ್ನು ಬರೆಯಿಸಬೇಕೆಂದು ಅದು ವಿಧಿಸುತ್ತದೆ. ಅರಿಕೇಸರಿಯ ಪಟವು ಆ ವಿಧಿಯ ಅನುಷ್ಠಾನವೆಂಬಂತಿದೆ.

ಈ ಸ್ಮೃತಿಗೆ ಹುಟ್ಟಿದ ಎರಡು ಮಹತ್ತ್ವದ ವ್ಯಾಖ್ಯಾನಗಳನ್ನು ಇಲ್ಲಿ ನೆನೆಯಬೇಕು. ಒಂದು, ವಿಜ್ಞಾನೇಶ್ವರನ 'ಮಿತಾಕ್ಷರಾ'. ಇದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿ, ಎಂದರೆ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಹುಟ್ಟಿತು. ಇನ್ನೊಂದು, 12ನೆಯ ಶತಮಾನದ ಪೂರ್ವಾರ್ಧದಲ್ಲಿ ಉತ್ತರ ಕೊಂಕಣವನ್ನಾಳಿದ ಶಿಲಾಹಾರ ಒಂದನೆಯ ಅಪರಾದಿತ್ಯನ ಹೆಸರಿನಲ್ಲಿರುವ 'ಅಪರಾರ್ಕ' ವ್ಯಾಖ್ಯಾನ. ಕನ್ನಡಿಗರ ಕಲ್ಯಾಣ ಬೇರೆ, ಉಲ್ಹಾಸ ನದಿಯ ದಂಡೆಯ ಕಲ್ಯಾಣ ಬೇರೆ. ಇವೆರಡನ್ನೂ ಒಂದೆಂದು ತಿಳಿಯುವ ತಪ್ಪು ಇಂದಿಗೂ ಕೇಳಿಬರುತ್ತದೆ. ಆದರೆ ಒಂದೇ ಸ್ಮೃತಿಗೆ ಒಂದು ಕಲ್ಯಾಣದಲ್ಲಿಯೂ ಇನ್ನೊಂದು ಕಲ್ಯಾಣವನ್ನೊಳಗೊಂಡ ರಾಜ್ಯದಲ್ಲಿಯೂ ಕೆಲವೇ ದಶಕಗಳ ಅಂತರದಲ್ಲಿ ಭಾಷ್ಯಗಳು ರಚಿತವಾದುವೆಂಬುದು ಸಾಮಾನ್ಯ ಸಂಗತಿಯಲ್ಲ.

ಭೂಮಿಯ ಹಸ್ತಾಂತರದ ಬಗೆಗೆ ವಿಜ್ಞಾನೇಶ್ವರನು ಒಂದು ಹಳೆಯ ವಚನವನ್ನು ಎತ್ತಿಕೊಂಡು ಚರ್ಚಿಸುತ್ತಾನೆ. ಆ ವಚನದ ಪ್ರಕಾರ ಭೂಮಿಯು ಆರರಿಂದ ಒಬ್ಬನಿಂದ ಇನ್ನೊಬ್ಬನಿಗೆ ಹೋಗುತ್ತದೆ: ಗ್ರಾಮ, ಜ್ಞಾತಿಗಳು, ಸಾಮಂತರು, ದಾಯಾದರು ಎಂಬ ನಾಲ್ವರ ಅನುಮತಿ; ಹಿರಣ್ಯ ಮತ್ತು ಉದಕಗಳ ದಾನ. ಇಲ್ಲಿ ಸಾಮಂತರೆಂದರೆ ಮಾಂಡಲಿಕ ಅರಸರಲ್ಲ. ಎಲ್ಲೆಯನ್ನು ಹಂಚಿಕೊಂಡ ನೆರೆಯ ಹೊಲದವರು. ನಮ್ಮ ಕಾವ್ಯಗಳಲ್ಲಿ ಸಾಮಂತ ಶಬ್ದವನ್ನು ಓದಿ ಅಭ್ಯಾಸವಾದವರು ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಅಗತ್ಯ.

ವಿಜ್ಞಾನೇಶ್ವರನ ವಿವರಣೆ ವಿಚಕ್ಷಣವಾದುದು. ಗ್ರಾಮದ ಅನುಮತಿಯಿಲ್ಲದೆ ವ್ಯವಹಾರವು ಸಿದ್ಧಿಸದೆಂದಲ್ಲ; ಸ್ಥಾವರದ ಹಸ್ತಾಂತರವು ಎಲ್ಲರಿಗೂ ತಿಳಿದಿರಬೇಕೆಂಬುದಷ್ಟೇ ಅದರ ಉದ್ದೇಶ. ನೆರೆಯವರ ಅನುಮತಿಯು ಮುಂದೆ ಎಲ್ಲೆಯ ಜಗಳ ಬಾರದಿರಲೆಂದು. ಜ್ಞಾತಿ ದಾಯಾದರ ಅನುಮತಿಯು, ವಿಭಾಗವಾಗಿತ್ತೋ ಇಲ್ಲವೋ ಎಂಬ ಸಂಶಯ ಮುಂದೆ ತಲೆಯೆತ್ತದಿರಲೆಂದು. ಇನ್ನು ಚಿನ್ನ ಮತ್ತು ನೀರು: ಸ್ಥಾವರವನ್ನು ಮಾರಬಾರದೆಂಬ ನಿಷೇಧವೂ ದಾನ ಮಾಡಬಹುದೆಂಬ ಪ್ರಶಂಸೆಯೂ ಇರುವುದರಿಂದ, ಮಾರಲೇಬೇಕಾದಾಗಲೂ ಚಿನ್ನವನ್ನು ಸೇರಿಸಿ ನೀರೆರೆದು ದಾನದ ರೂಪದಲ್ಲಿಯೇ ಮಾರಬೇಕೆಂದು ಅವನು ಹೇಳುತ್ತಾನೆ. ನಮ್ಮ ಶಾಸನಗಳ 'ಧಾರಾಪೂರ್ವಕ' ಎಂಬ ಮಾತು ಕ್ರಯದ ಸಂದರ್ಭದಲ್ಲಿಯೂ ಏಕೆ ಉಳಿದುಬಂದಿತೆಂಬುದಕ್ಕೆ ಇದು ತಕ್ಕ ಸಮಾಧಾನವಾಗಿದೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ತಿಳಿಸುವುದು ಬೇರೆ, ಕೇಳುವುದು ಬೇರೆ. ತಿಕ್ಕಪೈಯನಿಗೆ ಹಳ್ಳಿಗಳು ಹೋದಾಗ ಅಲ್ಲಿ ಉಳುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಪತ್ರದಲ್ಲಿ ಅವರ ಹೆಸರುಗಳಿಲ್ಲ. ಆದುದರಿಂದ ಹಳೆಯ ಪತ್ರಗಳನ್ನು ಆದರ್ಶವೆಂದು ಹೊಗಳುವುದು ನಮ್ಮ ಇಂಗಿತವಲ್ಲ. ಭೂಮಿಯ ವ್ಯವಹಾರವು ಇಬ್ಬರ ನಡುವಿನ ಗುಟ್ಟಲ್ಲ, ಸುತ್ತಲಿನವರ ಕಿವಿಗೆ ಬೀಳಬೇಕಾದುದು ಎಂಬ ತತ್ತ್ವವನ್ನು ಅವು ಬಲ್ಲವಾಗಿದ್ದವೆಂಬುದಷ್ಟೇ ನಮ್ಮ ವಾದ.

4

ಇದೇ ತತ್ತ್ವವು ಬ್ರಿಟಿಷರ ಕಾಲದಲ್ಲಿ ಬೇರೊಂದು ರೂಪ ತಾಳಿತು. 1882ರ ಸ್ವತ್ತು ವರ್ಗಾವಣೆ ಕಾನೂನಿನ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಾವರದ ಕ್ರಯವು ನೋಂದಾಯಿತ ಪತ್ರದಿಂದಲೇ ಆಗಬೇಕು. 1908ರ ನೋಂದಣಿ ಕಾನೂನು ಪತ್ರವನ್ನು ಬರೆದ ನಾಲ್ಕು ತಿಂಗಳೊಳಗೆ ಉಪನೋಂದಣಾಧಿಕಾರಿಯ ಮುಂದಿಡಬೇಕೆಂದು ವಿಧಿಸಿತು. ನೋಂದಣಿಯಾದ ಪತ್ರದ ವಿಷಯವು ಎಲ್ಲರಿಗೂ ತಿಳಿದಿದೆಯೆಂದೇ ಕಾನೂನು ಭಾವಿಸುತ್ತದೆ. ಊರ ಮುಂದೆ ಸಾರುವ ಕೆಲಸವನ್ನು ಹೀಗೆ ಒಂದು ಪುಸ್ತಕವು ವಹಿಸಿಕೊಂಡಿತು. ಸ್ವಹಸ್ತದ ಸ್ಥಾನದಲ್ಲಿ 2001ರ ತಿದ್ದುಪಡಿಯ ಅನಂತರ ಭಾವಚಿತ್ರವೂ ಬೆರಳಚ್ಚೂ ಸೇರಿವೆ.

ಕಂದಾಯದ ದಾಖಲೆ ಇದರಿಂದ ಬೇರೆಯಾದುದು. 1879ರ ಮುಂಬಯಿ ಭೂಕಂದಾಯ ಸಂಹಿತೆ, 1903ರ ಹಕ್ಕುದಾಖಲೆಯ ಕಾನೂನು ಇವು ಕಲ್ಯಾಣಕ್ಕೂ ಧಾರವಾಡಕ್ಕೂ ಸಮಾನವಾಗಿ ಅನ್ವಯಿಸಿದವು. 1956ರವರೆಗೆ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತದಲ್ಲಿದ್ದವಷ್ಟೆ. ಆದುದರಿಂದಲೇ ಹುಬ್ಬಳ್ಳಿಯ ರೈತನು ಇಂದಿಗೂ 'ಉತಾರ' ತೆಗೆಸುತ್ತಾನೆ. ಡೊಂಬಿವಲಿಯವನು 'ಸಾತ್‌ಬಾರಾ ಉತಾರಾ' ತೆಗೆಸುತ್ತಾನೆ. ಮಹಾರಾಷ್ಟ್ರದ ಗ್ರಾಮ ನಮೂನೆ 7 ಹಕ್ಕಿನ ದಾಖಲೆ, 12 ಬೆಳೆಯ ದಾಖಲೆ; ಇವೆರಡೂ ಸೇರಿ ಸಾತ್‌ಬಾರಾ. ಹೆಸರು ಬದಲಾವಣೆಯ 'ಫೇರ್‌ಫಾರ್' ನಮೂನೆ 6ರಲ್ಲಿ ನಡೆಯುತ್ತದೆ. ಈ ದಾಖಲೆಯಲ್ಲಿ ಹೆಸರು ಬಂದೊಡನೆ ಒಡೆತನ ಬಂದಿತೆಂಬ ನಂಬಿಕೆ ನಮ್ಮವರಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ. ಅಲ್ಲಿನ ನಮೂದನ್ನು ತಪ್ಪೆಂದು ಸಿದ್ಧವಾಗುವವರೆಗೆ ನಿಜವೆಂದು ಹಿಡಿಯುತ್ತಾರೆ. ಆದರೆ ಒಡೆತನವನ್ನು ಕೊಡುವುದು ಪತ್ರ ಅಥವಾ ವಾರಸು, ಫೇರ್‌ಫಾರ್ ಅಲ್ಲ. ಹಾಗೆಯೇ ಮುಖತ್ಯಾರ ಪತ್ರ, ಕ್ರಯದ ಕರಾರು, ಮರಣಶಾಸನ ಈ ಮೂರನ್ನು ಕೂಡಿಸಿ ಮಾರಾಟ ಮಾಡುವ ರೂಢಿಯಿಂದ ಒಡೆತನವು ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ದಾಯಾದರ ಅನುಮತಿಯೂ ಹೊಸ ರೂಪದಲ್ಲಿ ಉಳಿದಿದೆ. 1956ರ ಹಿಂದೂ ಉತ್ತರಾಧಿಕಾರ ಕಾನೂನು, 2005ರ ಅದರ ತಿದ್ದುಪಡಿ ಇವುಗಳಿಂದ ಹೆಣ್ಣುಮಕ್ಕಳ ಹಕ್ಕು ಗಟ್ಟಿಯಾಗಿದೆ. ತಂದೆಯ ಮನೆಯನ್ನು ಮಾರುವಾಗ ಅಕ್ಕತಂಗಿಯರೂ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೆ ನೋಂದಾಯಿತ ಹಕ್ಕುಬಿಡುಗಡೆ ಪತ್ರವಿರಬೇಕು. ಮರಾಠಿಯಲ್ಲಿ ಇದನ್ನು 'ಹಕ್ಕಸೋಡ ಪತ್ರ' ಎನ್ನುತ್ತಾರೆ. ಊರಿನಲ್ಲಿರುವ ತಂಗಿಯನ್ನು ಕೇಳದೆ ಡೊಂಬಿವಲಿಯ ಮನೆ ಮಾರಿದವನ ಖರೀದಿದಾರನು ಮುಂದೆ ನ್ಯಾಯಾಲಯದಲ್ಲಿ ನಿಲ್ಲಬೇಕಾದೀತು. ವಿಜ್ಞಾನೇಶ್ವರನು ತಪ್ಪಿಸಬಯಸಿದ ಸಂಶಯವೂ ಇದೇ ಬಗೆಯದಾಗಿತ್ತು.

5

ಆದರೆ ಒಂದು ವಿಷಯದಲ್ಲಿ ಹೊಸ ಕಾಲವು ಹಳೆಯದರಿಂದ ಪೂರ್ಣ ಬೇರೆಯಾಗಿದೆ. ತಾಮ್ರಪಟದಲ್ಲಿ ನೆಲವೇ ಹೋಗುತ್ತಿತ್ತು. ಬಹುಮಹಡಿ ಕಟ್ಟಡದಲ್ಲಿ ಮನೆ ಹೋಗುತ್ತದೆ, ನೆಲ ಉಳಿದುಬಿಡುತ್ತದೆ.

ಡೊಂಬಿವಲಿ, ಕಲ್ಯಾಣಗಳ ಕನ್ನಡ ಮನೆಗಳಲ್ಲಿ ಕಪಾಟಿನೊಳಗೆ ಜೋಪಾನವಾಗಿಟ್ಟ ಕಾಗದಗಳನ್ನು ನಾವು ನೋಡಿದ್ದೇವೆ. ಕಟ್ಟಡ ನಿರ್ಮಾಪಕನೊಡನೆ ಮಾಡಿಕೊಂಡ ನೋಂದಾಯಿತ ಕರಾರು, ಸೂಚಿ ಕ್ರಮಾಂಕ 2ರ ಪ್ರತಿ, ಮುದ್ರಾಂಕ ಶುಲ್ಕದ ರಸೀದಿ, ಸಹಕಾರಿ ಗೃಹನಿರ್ಮಾಣ ಸಂಘದ ಷೇರು ಪತ್ರ ಅಲ್ಲಿರುತ್ತವೆ. ಇಲ್ಲದಿರುವುದು ಕಟ್ಟಡ ನಿಂತಿರುವ ನೆಲವನ್ನು ಸಂಘಕ್ಕೆ ಬಿಟ್ಟುಕೊಟ್ಟ ಪತ್ರ. 1963ರ ಮಹಾರಾಷ್ಟ್ರ ಫ್ಲ್ಯಾಟ್ ಒಡೆತನ ಕಾನೂನಿನ 11ನೆಯ ಕಲಮು ಈ ಹೊಣೆಯನ್ನು ನಿರ್ಮಾಪಕನ ಮೇಲೆ ಹಾಕಿದೆ. ಬೇರೆ ಅವಧಿಯನ್ನು ಒಪ್ಪಿರದಿದ್ದರೆ ಸಂಘವು ನೋಂದಣಿಯಾದ ನಾಲ್ಕು ತಿಂಗಳೊಳಗೆ ಆ ಪತ್ರವಾಗಬೇಕೆಂದು ಅದರ ನಿಯಮಗಳು ಹೇಳುತ್ತವೆ. ಅನೇಕ ಕಟ್ಟಡಗಳಲ್ಲಿ ದಶಕಗಳು ಕಳೆದರೂ ಅದು ಆಗಿಲ್ಲ. ಸಾತ್‌ಬಾರಾ ತೆಗೆದು ನೋಡಿದರೆ ಇಪ್ಪತ್ತು ಮೂವತ್ತು ವರ್ಷಗಳ ಹಿಂದಿನ ಭೂಮಾಲೀಕನ ಹೆಸರು ಹಾಗೆಯೇ ಇರುತ್ತದೆ.

ಇದರ ಪರಿಣಾಮವು ಕಟ್ಟಡ ಹಳತಾದಾಗ ತಿಳಿಯುತ್ತದೆ. ಗೋಡೆ ಬಿರುಕು ಬಿಟ್ಟು ಪುನರ್ನಿರ್ಮಾಣದ ಮಾತು ಬಂದಾಗ ನೆಲದ ಒಡೆಯನ ಮೊಮ್ಮಕ್ಕಳು ಪಾಲು ಕೇಳುತ್ತಾರೆ. ಆಯುಷ್ಯದ ಗಳಿಕೆಯನ್ನು ಸುರಿದ ನಿವೃತ್ತ ಗುಮಾಸ್ತನಿಗೆ ತಾನು ಕೊಂಡದ್ದು ಗೋಡೆಗಳ ನಡುವಿನ ಜಾಗವನ್ನು ಮಾತ್ರ ಎಂಬುದು ಆಗ ಅರಿವಾಗುತ್ತದೆ. ಇದಕ್ಕೆ ಪರಿಹಾರವಾಗಿ 2008ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಮಾನೀವ ಅಭಿಹಸ್ತಾಂತರಣವೆಂಬ ಕ್ರಮವನ್ನು ತಂದಿತು. ನಿರ್ಮಾಪಕನು ಪತ್ರ ಮಾಡಿಕೊಡದಿದ್ದರೆ ಸಂಘವು ಸಹಕಾರ ಇಲಾಖೆಯ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಪ್ರಾಧಿಕಾರವು ಎದುರು ಪಕ್ಷಕ್ಕೆ ನೋಟೀಸು ಕೊಟ್ಟು, ಕೇಳಿ, ಏಕಪಕ್ಷೀಯವಾಗಿಯೂ ನೆಲದ ಪತ್ರವನ್ನು ನೋಂದಣಿ ಮಾಡಿಸಿಕೊಡಬಲ್ಲುದು. ಈ ಹಕ್ಕಿನ ತಿಳಿವಳಿಕೆ ನಮ್ಮ ಬಹಳ ಮಂದಿಗೆ ಇನ್ನೂ ತಲುಪಿಲ್ಲ.

ನವಿ ಮುಂಬಯಿಯ ಕಥೆ ಮತ್ತೊಂದು ಬಗೆಯದು. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ನಿಗಮವು ಅಲ್ಲಿ ನಿವೇಶನಗಳನ್ನು ಸಾಮಾನ್ಯವಾಗಿ 60 ವರ್ಷಗಳ ಗುತ್ತಿಗೆಯ ಮೇಲೆ ಹಂಚಿತು. ಅಂಥ ನೆಲದ ಮೇಲಿನ ಮನೆಯನ್ನು ಕೊಂಡವನು ಗುತ್ತಿಗೆಯ ಉಳಿದ ಅವಧಿಯನ್ನು ಕೊಂಡವನು. ನಿಗಮದ ಒಪ್ಪಿಗೆಯಿಲ್ಲದೆ ಆ ಹಕ್ಕು ಕೈ ಬದಲಿಸುತ್ತಿರಲಿಲ್ಲ. ಇದಕ್ಕೂ ಈ ಸೀಮೆಯಲ್ಲಿ ಪೂರ್ವೋದಾಹರಣೆಯಿದೆ. 2014ರವರೆಗೆ ಠಾಣೆ ಜಿಲ್ಲೆಯಲ್ಲಿದ್ದು ಈಗ ಪಾಲ್ಘರ್ ಜಿಲ್ಲೆಗೆ ಸೇರಿರುವ ಚಿಂಚಣಿಯಲ್ಲಿ ದೊರೆತ ರಾಷ್ಟ್ರಕೂಟ ಕೃಷ್ಣನ ಕಾಲದ ತಾಮ್ರಪಟವೊಂದು, ಮಠಿಕೆಯೊಂದರ ವಶದಲ್ಲಿದ್ದ ದೇವಾಲಯದ ಭೂಮಿಗಾಗಿ ಮಠಿಕೆಯವರು ದೇವರಿಗೆ ವರ್ಷಂಪ್ರತಿ ದ್ರಮ್ಮಗಳನ್ನು ಸಲ್ಲಿಸಬೇಕೆಂಬ ಒಡಂಬಡಿಕೆಯನ್ನು ದಾಖಲಿಸುತ್ತದೆ. ನೆಲದ ಒಡೆತನ ಒಬ್ಬರದು, ಅನುಭೋಗ ಇನ್ನೊಬ್ಬರದು ಎಂಬುದನ್ನು 10ನೆಯ ಶತಮಾನವೂ ಬರೆದಿಟ್ಟುಕೊಂಡಿತ್ತು.

ಹಳ್ಳಿಗರನ್ನು ಕೇಳದ ಹಳೆಯ ದೋಷ ಮಾತ್ರ ಇಲ್ಲಿಯೂ ಮರುಕಳಿಸಿತು. ಭೂಸ್ವಾಧೀನದ ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಉರಣ ಭಾಗದ ರೈತರು ನಡೆಸಿದ ಚಳವಳಿಯಲ್ಲಿ 1984ರ ಜನವರಿಯಲ್ಲಿ ಗೋಲಿಬಾರಾಗಿ ಐವರು ಪ್ರಾಣ ತೆತ್ತರು. ಸ್ವಾಧೀನಪಡಿಸಿಕೊಂಡ ನೆಲದ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಮೂಲ ರೈತರಿಗೆ ಮರಳಿಸುವ ಯೋಜನೆ ಬಂದುದು ಆ ಹೋರಾಟದ ಫಲವಾಗಿ. ನವಿ ಮುಂಬಯಿಯ ಪ್ರತಿಯೊಂದು ಗುತ್ತಿಗೆ ಪತ್ರದ ಹಿಂದೆ ಈ ಅಲಿಖಿತ ಪುಟವೂ ಇದೆ.

6

ಕೊನೆಯದಾಗಿ ಪತ್ರದ ಸತ್ಯಾಸತ್ಯತೆಯ ಪ್ರಶ್ನೆ. ಕೂಟಶಾಸನಗಳು, ಎಂದರೆ ಸೃಷ್ಟಿಸಿದ ಸುಳ್ಳು ಶಾಸನಗಳು, ಸ್ಮೃತಿಕಾರರಿಗೆ ಗೊತ್ತಿದ್ದವು. ಅವುಗಳನ್ನು ಮಾಡಿದವರಿಗೆ ಘೋರ ದಂಡನೆ ವಿಧಿಸಿದ್ದರು. ಗಂಗರ ಹೆಸರಿನ ಅನೇಕ ತಾಮ್ರಪಟಗಳನ್ನು ಫ್ಲೀಟ್ ಅವರು ಕೃತಕವೆಂದು ತಳ್ಳಿಹಾಕಿದ್ದೂ ಅದರ ಮೇಲೆ ನಡೆದ ವಾದಗಳೂ ಕನ್ನಡ ಶಾಸನಾಭ್ಯಾಸಿಗಳಿಗೆ ಹೊಸದಲ್ಲ. ಲಿಪಿ, ಕಾಲ, ವಂಶಾವಳಿಗಳನ್ನು ತಾಳೆ ನೋಡದೆ ತಾಮ್ರವೆಂಬ ಕಾರಣದಿಂದಲೇ ಪತ್ರವನ್ನು ನಂಬಬಾರದೆಂಬುದು ನಾವು ಕಲಿತ ಮೊದಲ ಪಾಠ.

ಆ ಪಾಠವನ್ನು ಮನೆ ಕೊಳ್ಳುವಾಗ ಮಾತ್ರ ಮರೆಯುತ್ತೇವೆ. ಕಲ್ಯಾಣ ಡೊಂಬಿವಲಿ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ನಕಲಿ ಪರವಾನಗಿಗಳನ್ನು ತೋರಿಸಿ ರೇರಾ ನೋಂದಣಿ ಪಡೆದು ಕಟ್ಟಿದ 65 ಅನಧಿಕೃತ ಕಟ್ಟಡಗಳನ್ನು ಕೆಡವಬೇಕೆಂದು ಬಾಂಬೆ ಉಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಆದೇಶಿಸಿತು. ಅಲ್ಲಿ ಮನೆ ಕೊಂಡ ಕುಟುಂಬಗಳು ನೋಂದಣಿಯ ಸಂಖ್ಯೆಯನ್ನು ಕಂಡು ನಂಬಿದವು. ಉಪನೋಂದಣಾಧಿಕಾರಿಯು ಪತ್ರವನ್ನು ನೋಂದಾಯಿಸುತ್ತಾನೆ. ಮಾರುವವನಿಗೆ ಮಾರುವ ಹಕ್ಕಿದೆಯೇ ಎಂಬುದನ್ನು ತೀರ್ಮಾನಿಸುವ ಹೊಣೆ ಅವನದಲ್ಲ. ನೋಂದಣಿಯು ಪತ್ರವನ್ನು ಬಹಿರಂಗಗೊಳಿಸುತ್ತದೆಯೇ ಹೊರತು ಅದನ್ನು ಸತ್ಯಗೊಳಿಸುವುದಿಲ್ಲ. ಸತ್ಯವನ್ನು ಅರಸುವ ಕೆಲಸ ಕೊಳ್ಳುವವನಿಗೇ ಉಳಿದಿದೆ.

ಆ ಕೆಲಸಕ್ಕೆ ಹಳೆಯ ಆರು ಅಂಶಗಳು ಇಂದಿಗೂ ಉಪಯುಕ್ತ ಕ್ರಮವಾಗಬಲ್ಲವು. ಗ್ರಾಮವೆಂದರೆ ಈಗ ಮಹಾನಗರಪಾಲಿಕೆ ಮತ್ತು ನೋಂದಣಿ ಕಚೇರಿ: ಕಟ್ಟಡದ ಪರವಾನಗಿಯನ್ನು ಮಾರುವವನು ತೋರಿಸಿದ ಪ್ರತಿಯಲ್ಲಿ ಅಲ್ಲ, ಪಾಲಿಕೆಯ ಕಚೇರಿಯಲ್ಲಿಯೇ ವಿಚಾರಿಸಬೇಕು, ಹಿಂದಿನ ಮೂವತ್ತು ವರ್ಷಗಳ ನೋಂದಣಿಯ ಸೂಚಿಯನ್ನು ಶೋಧಿಸಿಸಬೇಕು. ಜ್ಞಾತಿ ದಾಯಾದರೆಂದರೆ ಮಾರುವವನ ವಾರಸುದಾರರು: ಅವರ ಸಹಿ ಅಥವಾ ಹಕ್ಕುಬಿಡುಗಡೆ ಬೇಕು. ಸಾಮಂತರೆಂದರೆ ಸಹಕಾರಿ ಸಂಘ ಮತ್ತು ನೆರೆಯವರು: ಬಾಕಿ, ಅಡಮಾನ, ವ್ಯಾಜ್ಯಗಳನ್ನು ಅವರು ಬಲ್ಲರು, ನೆಲದ ಪತ್ರವು ಸಂಘದ ಹೆಸರಿಗೆ ಆಗಿದೆಯೇ ಎಂಬುದನ್ನೂ ಅವರನ್ನೇ ಕೇಳಬೇಕು. ಹಿರಣ್ಯವೆಂದರೆ ಬೆಲೆ: ಅದು ಬ್ಯಾಂಕಿನ ಮೂಲಕ, ಪತ್ರದಲ್ಲಿ ನಮೂದಾಗಿ ಸಲ್ಲಬೇಕು. ಉದಕವೆಂದರೆ ಸ್ವಾಧೀನ: ಬೀಗದ ಕೈ ಯಾವ ದಿನ ಯಾರ ಸಮ್ಮುಖದಲ್ಲಿ ಬಂದಿತೆಂಬುದಕ್ಕೆ ಬರವಣಿಗೆಯಿರಬೇಕು. ಪತ್ರವು ಮರಾಠಿಯಲ್ಲಿದ್ದರೆ ಓದಬಲ್ಲ ವಕೀಲರಿಂದ ಸಾಲು ಸಾಲಾಗಿ ಅರ್ಥ ತಿಳಿದುಕೊಂಡೇ ಸಹಿ ಹಾಕುವುದು ಕನ್ನಡಿಗರು ವಿಶೇಷವಾಗಿ ಪಾಲಿಸಬೇಕಾದ ನಿಯಮ.

ಜೋಗಪೈಯನು ಬರೆದ ಪತ್ರಗಳಿಂದ ಇಂದಿನ ಕರಾರಿನವರೆಗೆ ಸಾವಿರ ವರ್ಷಗಳು ಸಂದಿವೆ. ಶಿಲಾಹಾರರ ರಾಜ್ಯವೂ ಅವರ ಶಾಪಗಳೂ ಅಳಿದವು. ಆದರೂ ಆ ಪಟಗಳು ನೆಲದೊಳಗಿಂದ ಎದ್ದು ಬಂದಾಗ, ಕೊಟ್ಟವನು ಯಾರು, ಕೊಂಡವನು ಯಾರು, ಎಲ್ಲೆ ಎಲ್ಲಿಯದು, ಬರೆದವನು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಅವುಗಳಲ್ಲಿಯೇ ಇತ್ತು. ನಮ್ಮ ಕಪಾಟಿನಲ್ಲಿರುವ ಕಾಗದಗಳನ್ನು ಹೊರತೆಗೆದು, ಅವೂ ಈ ನಾಲ್ಕಕ್ಕೆ ಉತ್ತರ ಹೇಳುತ್ತವೆಯೇ ಎಂದು ನೋಡಿಕೊಳ್ಳುವುದು ಒಳಿತು.